ಮುರಂಗಾದ ಮಣ್ಣು, ಸೌತ್ ಬಿಯ ನೀರು

ನೈರೋಬಿಯ ನಡುಪೇಟೆಯಿಂದ ಮೊಂಬಾಸಾ ರಸ್ತೆ ಹಿಡಿದು ಆಗ್ನೇಯಕ್ಕೆ ಹೊರಟರೆ ಎಡಗಡೆ ಸಿಗುವ ಬಡಾವಣೆ ಸೌತ್ ಬಿ. ಅದರ ಬೆನ್ನಿಗೆ ಕಾರ್ಖಾನೆಗಳ ಇಂಡಸ್ಟ್ರಿಯಲ್ ಏರಿಯಾ. ಒಳಗೆ ರೈಲ್ವೆ ತರಬೇತಿ ಸಂಸ್ಥೆ, 1962ರಲ್ಲಿ ಸಿಸ್ಟರ್ಸ್ ಆಫ್ ಮರ್ಸಿ ಸನ್ಯಾಸಿನಿಯರು ತೆರೆದ ಮೇಟರ್ ಆಸ್ಪತ್ರೆ, ನೌಕರಿಯವರ ಅಚ್ಚುಕಟ್ಟು ಮನೆಗಳು. ಅವುಗಳ ಮಗ್ಗುಲಲ್ಲೇ, ಎಷ್ಟೋ ಕಡೆ ಒಂದೇ ಗೋಡೆಯಾಚೆ, ಮುಕುರು ಕೊಳೆಗೇರಿಯ ತಗಡಿನ ಮನೆಗಳು. ಅಂಚಿನಲ್ಲಿ ಎನ್‌ಗಾಂಗ್ ಎಂಬ ಹೊಳೆ ಹರಿಯುತ್ತದೆ. ಅದರ ನೀರನ್ನು ಯಾರೂ ಕುಡಿಯುವುದಿಲ್ಲ.

ಕುಡಿಯುವ ನೀರಿಗೆ ಇಲ್ಲಿ ಸರದಿ. ವಾರದಲ್ಲಿ ಗೊತ್ತಾದ ದಿನ ನಲ್ಲಿಯಲ್ಲಿ ನೀರು ಬಂದಾಗ ಅನುಕೂಲಸ್ಥರು ತಾರಸಿಯ ಟ್ಯಾಂಕು ತುಂಬಿಸಿಕೊಳ್ಳುತ್ತಾರೆ. ಉಳಿದವರಿಗೆ 20 ಲೀಟರಿನ ಹಳದಿ ಕ್ಯಾನುಗಳನ್ನು ಒಟ್ಟಿಕೊಂಡು ಬರುವ ಕೈಗಾಡಿಯೇ ಗತಿ. ಮುಕುರುವಿನಲ್ಲಿ ಕ್ಯಾನಿನ ಲೆಕ್ಕದಲ್ಲಿ ಕೊಳ್ಳುವ ಬಡವರು ಲೀಟರಿಗೆ ತೆರುವ ಬೆಲೆ, ಪಕ್ಕದ ಮನೆಯ ಮೀಟರಿನ ಬೆಲೆಗಿಂತ ಹೆಚ್ಚು. ಈ ನೀರು ಹುಟ್ಟುವುದು ನೈರೋಬಿಯಲ್ಲಿ ಅಲ್ಲ. ಉತ್ತರಕ್ಕೆ ಐವತ್ತು ಕಿಲೋಮೀಟರ್ ಆಸುಪಾಸಿನಲ್ಲಿ, ಅಬರ್ಡೇರ್ ಬೆಟ್ಟಸಾಲಿನ ಇಳಿಜಾರಿನಲ್ಲಿ, ಚಹಾ ಮತ್ತು ಕಾಫಿ ಬೆಳೆಯುವ ಮುರಂಗಾ ಸೀಮೆಯಲ್ಲಿ. ಸೌತ್ ಬಿಯ ನೀರಿನ ಇತಿಹಾಸ ಬರೆಯುವವರು ಅರ್ಧ ಪುಟವನ್ನಾದರೂ ಆ ಬೆಟ್ಟದ ಹೆಂಗಸರಿಗೆ ಕೊಡಬೇಕು. ಇಲ್ಲಿ ಅದಕ್ಕಿಂತ ಹೆಚ್ಚೇ ಕೊಡಲಾಗಿದೆ.

1899ರ ಮೇ ಕೊನೆಯಲ್ಲಿ ಯುಗಾಂಡಾ ರೈಲಿನ ಹಳಿ ನೈರೋಬಿಯ ಜೌಗು ಬಯಲನ್ನು ಮುಟ್ಟಿತು. ಆ ರೈಲುಮಾರ್ಗ ಹಾಕಲು ಹಿಂದೂಸ್ತಾನದಿಂದ ಕರಾರಿನ ಮೇಲೆ ಬಂದ ಕೂಲಿಗಳೇ ಸುಮಾರು 32,000 ಮಂದಿ. ಹಳಿಯ ಪಕ್ಕದಲ್ಲಿ ಎದ್ದ ಡೇರೆಗಳೇ ಕೆಲವು ವರ್ಷಗಳಲ್ಲಿ ರಾಜಧಾನಿಯಾದವು. ಮೊದಮೊದಲು ನದಿಯ ನೀರು, ಆಮೇಲೆ ಕಿಕುಯು ಒರತೆಗಳಿಂದ ಕೊಳವೆಯ ನೀರು. ಊರು ಬೆಳೆದಂತೆ ಅದು ಸಾಲದಾಯಿತು. 1950ರಲ್ಲಿ ರುಯಿರು ಅಣೆಕಟ್ಟು ಮುಗಿಯಿತು. ಅದೇ ದಶಕದ ನಡುವಿನಲ್ಲಿ ಅಬರ್ಡೇರಿನ ಸಸುಮುವಾ ಬಂತು, ಅದನ್ನು 1968ರಲ್ಲಿ ಎತ್ತರಿಸಿದರು. ಎಲ್ಲಕ್ಕಿಂತ ದೊಡ್ಡದು ಥಿಕಾ ನದಿಗೆ ಅಡ್ಡಲಾಗಿ 1994ರಲ್ಲಿ ಮುಗಿದ ಎನ್‌ಡಕಾಯಿನಿ. ಏಳು ಕೋಟಿ ಘನ ಮೀಟರ್ ನೀರು ಹಿಡಿಯುವ ಮಣ್ಣಿನ ಏರಿ ಅದು. ನೈರೋಬಿ ಕುಡಿಯುವ ನೀರಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಅಲ್ಲಿಂದಲೇ ಬರುತ್ತದೆ.

ಬೆಂಗಳೂರಿನವರಿಗೆ ಈ ಕಥೆ ಅರ್ಧ ಗೊತ್ತಿದ್ದದ್ದೇ. ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ಕೊನೆಗೆ 1974ರಲ್ಲಿ ಕಾವೇರಿಯ ಮೊದಲ ಹಂತ. ಒಂದು ವ್ಯತ್ಯಾಸವಿದೆ. ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ದೂರಕ್ಕೆ, ಸುಮಾರು ಅರ್ಧ ಕಿಲೋಮೀಟರ್ ಮೇಲಕ್ಕೆ ಕಾವೇರಿಯನ್ನು ಪಂಪು ಹಾಕಿ ಎತ್ತಬೇಕು. ಎನ್‌ಡಕಾಯಿನಿ ಇರುವುದೇ ಸಮುದ್ರಮಟ್ಟದಿಂದ ಸುಮಾರು 2,040 ಮೀಟರ್ ಮೇಲೆ, ನೈರೋಬಿಗಿಂತ ಎತ್ತರದಲ್ಲಿ. ನೀರು ತಾನಾಗಿ ಇಳಿದು ಎನ್‌ಗೆಥು ಶುದ್ಧೀಕರಣ ಘಟಕಕ್ಕೆ ಬಂದು, ಅಲ್ಲಿಂದ ನಗರಕ್ಕೆ ಹರಿಯುತ್ತದೆ. ಕರೆಂಟಿನ ಖರ್ಚು ಉಳಿಯಿತು. ಆದರೆ ಇಳಿಜಾರಿನಲ್ಲಿ ನೀರು ಒಂಟಿಯಾಗಿ ಇಳಿಯುವುದಿಲ್ಲ, ಮಣ್ಣೂ ಜೊತೆಗೆ ಬರುತ್ತದೆ.

ಮುರಂಗಾದ್ದು ಜ್ವಾಲಾಮುಖಿಯ ಕೆಂಪು ಮಣ್ಣು, ಫಲವತ್ತು, ಆಳ. ಭೂಮಿ ಪೂರ್ತಿ ಕಡಿದಾದ ದಿಬ್ಬಗಳು, ಒಂದೊಂದು ದಿಬ್ಬದ ಬುಡದಲ್ಲಿ ಒಂದೊಂದು ತೊರೆ. ಮಾರ್ಚಿನಿಂದ ಮೇವರೆಗಿನ ದೊಡ್ಡ ಮಳೆಗೆ ಬರಿಯ ಹೊಲ ಸಿಕ್ಕರೆ ಮೇಲ್ಮಣ್ಣು ತೊರೆಗೆ ಇಳಿಯಿತೆಂದೇ ಲೆಕ್ಕ. ಬ್ರಿಟಿಷರ ಕಾಲದಲ್ಲಿ ಈ ಜಿಲ್ಲೆಗೆ ಫೋರ್ಟ್ ಹಾಲ್ ಎಂಬ ಹೆಸರಿತ್ತು. ಕೀನ್ಯಾದ ಒಳ್ಳೆಯ ಎತ್ತರದ ನೆಲವನ್ನು ಬಿಳಿಯ ವಲಸಿಗರಿಗೆ ಕಾಯ್ದಿಟ್ಟು, ಕಿಕುಯು ಜನರನ್ನು ಮೀಸಲು ಪ್ರದೇಶದ ಎಲ್ಲೆಯೊಳಗೆ ಕೂಡಿಹಾಕಿದ್ದರು. ಜನ ಹೆಚ್ಚಿದರು, ನೆಲ ಹಿಗ್ಗಲಿಲ್ಲ. ಹೊಲ ಬೀಳು ಬಿಡುವ ಹಳೆಯ ಪದ್ಧತಿ ತಪ್ಪಿತು, ಮಣ್ಣು ಸವೆಯಿತು. ಅಧಿಕಾರಿಗಳಿಗೆ ಮಾತ್ರ ಕಂಡದ್ದು ರೈತನ ಅಜ್ಞಾನ. ಅಮೆರಿಕದ ಬಯಲುಗಳಲ್ಲಿ 1930ರ ದಶಕದಲ್ಲಿ ಎದ್ದ ಧೂಳಿನ ಬಿರುಗಾಳಿಗಳ ಸುದ್ದಿ ಅವರನ್ನು ಬೆಚ್ಚಿಬೀಳಿಸಿತ್ತು. ಎಲ್ಲೆಲ್ಲೂ ಬದು ಹಾಕಿಸಬೇಕೆಂಬ ಹುಕುಂ ಹೊರಟಿತು. ನಮ್ಮ ಕಡೆ ಮುಂಬಯಿ ಪ್ರಾಂತ್ಯ 1942ರಲ್ಲಿ ಭೂ ಸುಧಾರಣಾ ಯೋಜನೆಗಳ ಕಾಯಿದೆ ತಂದದ್ದೂ, ವಿಜಾಪುರದ ಎರೆಹೊಲಗಳಿಗೆ ಒಡ್ಡು ಬಂದದ್ದೂ ಹೆಚ್ಚುಕಡಿಮೆ ಇದೇ ಕಾಲದಲ್ಲಿ.

ಹುಕುಂ ಮಾಡಿದವರು ಗಂಡಸರು, ಗುದ್ದಲಿ ಹಿಡಿದವರು ಹೆಂಗಸರು. ಊರಿನ ದುಡಿಯುವ ಗಂಡಸರು ನೈರೋಬಿಯ ಕೆಲಸಕ್ಕೋ ಬಿಳಿಯರ ತೋಟಕ್ಕೋ ಹೋಗಿರುತ್ತಿದ್ದರು. ಹಾಗಾಗಿ ಸರ್ಕಾರ ನೇಮಿಸಿದ ಮುಖಂಡರು ವಾರಕ್ಕೆ ಎರಡು ಬೆಳಗು ಬದು ಕೆಲಸಕ್ಕೆ ಎಳೆಯುತ್ತಿದ್ದದ್ದು ಮನೆ, ಮಕ್ಕಳು, ಹೊಲ, ನೀರು, ಸೌದೆ ಎಲ್ಲವನ್ನೂ ಹೊತ್ತ ಹೆಂಗಸರನ್ನು. ಬಾರದಿದ್ದರೆ ದಂಡ. 1947ರ ಜುಲೈನಲ್ಲಿ ಫೋರ್ಟ್ ಹಾಲಿನಲ್ಲಿ ಸೇರಿದ ದೊಡ್ಡ ಸಭೆ, ಹೆಂಗಸರು ಇನ್ನು ಬದು ಹಾಕುವುದಿಲ್ಲ ಎಂದು ತೀರ್ಮಾನಿಸಿತು. ಕೆಲಸ ನಿಂತಿತು. ಸರ್ಕಾರ ಬಿಗಿ ಮಾಡಿದಾಗ, 1948ರ ಏಪ್ರಿಲ್‌ನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹೆಂಗಸರು ಜಿಲ್ಲಾ ಕಚೇರಿಯ ಎದುರು ಹಾಡುತ್ತ ಕುಣಿಯುತ್ತ ಬಂದು ನೆರೆದರು. ಮನೆಯಲ್ಲೇ ಕೈತುಂಬ ಕೆಲಸವಿದೆ, ಬದು ಕೆಲಸಕ್ಕೆ ಬರುವುದಿಲ್ಲ ಎಂಬುದು ಅವರ ಮಾತು. ಇತಿಹಾಸಕಾರರು ಇದನ್ನು ಹೆಂಗಸರ ದಂಗೆ ಎಂದೇ ಕರೆಯುತ್ತಾರೆ.

ಅವರು ಮಣ್ಣಿನ ವೈರಿಗಳಾಗಿರಲಿಲ್ಲ. ಮಣ್ಣು ಉಳಿದರೆ ಮೊದಲು ಹೊಟ್ಟೆ ತುಂಬುವುದು ತಮ್ಮದೇ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೆ ಬದು ಎಲ್ಲಿ ಹಾಕಬೇಕು, ಯಾವಾಗ ಹಾಕಬೇಕು, ಅದರ ಮೇಲೆ ಏನು ಬೆಳೆಯಬೇಕು ಎಂಬ ಒಂದು ಮಾತೂ ಅವರ ಕೈಯಲ್ಲಿರಲಿಲ್ಲ. ಸುಧಾರಿಸಿದ ನೆಲವನ್ನು ಮುಂದೆ ಬಿಳಿಯರು ಕಿತ್ತುಕೊಳ್ಳುತ್ತಾರೆಂಬ ಭಯವೂ ಇತ್ತು, ಅದು ಕಾರಣವಿಲ್ಲದ ಭಯವೂ ಆಗಿರಲಿಲ್ಲ. 1952ರ ಅಕ್ಟೋಬರಿನಲ್ಲಿ ತುರ್ತು ಪರಿಸ್ಥಿತಿ ಘೋಷಿಸಿ, ಬಿಳಿಯರ ಆಳ್ವಿಕೆಯ ವಿರುದ್ಧ ಎದ್ದ ಮೌ ಮೌ ಬಂಡಾಯವನ್ನು ಮುರಿಯಲು ಸುಮಾರು ಹತ್ತು ಲಕ್ಷ ಜನರನ್ನು ಬೇಲಿ ಹಾಕಿದ ಹಳ್ಳಿಗಳಿಗೆ ತಳ್ಳಿದಾಗ ಬದು ತೋಡುವುದು ಶಿಕ್ಷೆಯೇ ಆಯಿತು. 1963ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ ಎಷ್ಟೋ ಬದುಗಳು ಹಾಳುಬಿದ್ದವು. ಗುಲಾಮಗಿರಿಯ ಗುರುತನ್ನು ಯಾರು ತಾನೇ ದುರಸ್ತಿ ಮಾಡಿಯಾರು?

ಸೌತ್ ಬಿಯ ಮುಂದಿನ ಮೊಂಬಾಸಾ ರಸ್ತೆಯಲ್ಲೇ ಇನ್ನಷ್ಟು ಮುಂದೆ ಹೋಗಿ ತಿರುಗಿದರೆ ಸಿಗುವ ಮಚಕೋಸ್ ಸೀಮೆಯಲ್ಲಿ ಇದೇ ಹುಕುಮಿಗೆ ಬೇರೆ ಕೊನೆ ಸಿಕ್ಕಿತು. ದನ ಹೆಚ್ಚಾಗಿ ನೆಲ ಕೆಟ್ಟಿದೆ ಎಂದು 1938ರಲ್ಲಿ ಸರ್ಕಾರ ಕಂಬಾ ಜನರ ದನಗಳನ್ನು ಬಲವಂತವಾಗಿ ಹರಾಜಿಗೆ ಹಾಕಿತು. ಮುಯಿಂಡಿ ಎಂಬಿಂಗು ಎಂಬ ನಾಯಕನ ಹಿಂದೆ ಸಾವಿರಾರು ಜನ ನೈರೋಬಿಗೆ ನಡೆದು ಬಂದು ವಾರಗಟ್ಟಲೆ ಬೀಡುಬಿಟ್ಟರು. ಗವರ್ನರ್ ಮಣಿದು ಬಲವಂತ ಕೈಬಿಟ್ಟ, ಮುಯಿಂಡಿಯನ್ನು ಮಾತ್ರ ದೂರದ ಲಾಮು ದ್ವೀಪಕ್ಕೆ ಗಡೀಪಾರು ಮಾಡಿದರು. ಮುಂದೆ ಅದೇ ಕಂಬಾ ರೈತರು ತಮಗೆ ಹೊಂದುವ ಬದುವಿನ ರೀತಿಯೊಂದನ್ನು ಒಪ್ಪಿಕೊಂಡರು. ಕಾಲುವೆ ತೋಡಿ ಮಣ್ಣನ್ನು ಕೆಳಕ್ಕೆ ಎಸೆಯದೆ ಇಳಿಜಾರಿನ ಮೇಲಕ್ಕೆ ಎಸೆಯುವುದು, ಮಳೆಗಾಲ ಕಳೆದ ಹಾಗೆ ಹೊಲ ತಾನೇ ಮೆಟ್ಟಿಲಾಗುವುದು. ಅದಕ್ಕೆ ಫನ್ಯಾ ಜೂ ಎನ್ನುತ್ತಾರೆ. ಎಂವೆಥ್ಯಾ ಎಂಬ ಮುಯ್ಯಾಳು ಗುಂಪುಗಳು, ಬಹುಪಾಲು ಹೆಂಗಸರವೇ, ಇವತ್ತು ಇವಳ ಹೊಲ, ನಾಳೆ ಅವಳ ಹೊಲ ಎಂದು ಸರದಿಯಲ್ಲಿ ದುಡಿದವು. ಮೇರಿ ಟಿಫನ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಇದು: 1930ರ ದಶಕದಿಂದ ಈಚೆಗೆ ಮಚಕೋಸಿನ ಜನಸಂಖ್ಯೆ ಐದು ಪಟ್ಟಿಗೂ ಹೆಚ್ಚಾದರೂ ಮಣ್ಣಿನ ಸವಕಳಿ ಕಡಿಮೆಯಾಗಿತ್ತು. ಜನ ಹೆಚ್ಚಿದರೆ ನೆಲ ಕೆಡುತ್ತದೆ ಎಂದು ಕಣ್ಣುಮುಚ್ಚಿ ಹೇಳುವವರು ಒಮ್ಮೆ ಓದಬೇಕಾದ ಪುಸ್ತಕ.

ಮರಗಳ ಸಂಗತಿಯಲ್ಲೂ ಬೆಟ್ಟಕ್ಕೆ ದಾರಿ ತೋರಿಸಿದವರು ಹೆಂಗಸರೇ. ಅಬರ್ಡೇರಿನ ಮಗ್ಗುಲಿನ ನ್ಯೇರಿ ಸೀಮೆಯ ಇಹಿಥೆ ಎಂಬ ಹಳ್ಳಿಯಲ್ಲಿ 1940ರಲ್ಲಿ ಹುಟ್ಟಿದ ವಂಗಾರಿ ಮಾಥಾಯಿ, ನೈರೋಬಿ ವಿಶ್ವವಿದ್ಯಾಲಯದ ಅಧ್ಯಾಪಕಿಯಾಗಿದ್ದಾಗ, ಹಳ್ಳಿಯ ಹೆಂಗಸರು ಸೌದೆ ಇಲ್ಲ, ಶುದ್ಧ ನೀರಿಲ್ಲ ಎಂದು ಹೇಳಿಕೊಂಡದ್ದನ್ನು ಮನಸ್ಸಿಗೆ ಹಚ್ಚಿಕೊಂಡರು. 1977ರ ಜೂನ್ 5ರಂದು ನೈರೋಬಿಯಲ್ಲಿ ಏಳು ಸಸಿ ನೆಟ್ಟು ಶುರುವಾದ ಗ್ರೀನ್ ಬೆಲ್ಟ್ ಚಳವಳಿ ಐದು ಕೋಟಿಗೂ ಹೆಚ್ಚು ಮರಗಳ ಲೆಕ್ಕ ಕೊಡುತ್ತದೆ. ಈ ಲೆಕ್ಕಕ್ಕಿಂತ ಅದರ ಒಂದು ನಿಯಮ ಇಲ್ಲಿ ಮುಖ್ಯ. ನೆಟ್ಟದ್ದಕ್ಕೆ ಕೂಲಿ ಇಲ್ಲ, ಬದುಕಿದ ಸಸಿಗೆ ಸಣ್ಣದೊಂದು ಮೊತ್ತ. ಹಾಗಾಗಿ ನರ್ಸರಿ ಮಾಡಿದ ಹೆಂಗಸು ಗಿಡಕ್ಕೆ ಬೇಸಿಗೆಯಲ್ಲೂ ನೀರು ಹೊತ್ತಳು. ಸರ್ಕಾರಿ ವನಮಹೋತ್ಸವದ ಗುಂಡಿಗಳಲ್ಲಿ ವರ್ಷವರ್ಷವೂ ಅದೇ ಜಾಗದಲ್ಲಿ ಹೊಸ ಸಸಿ ನೆಡುವುದನ್ನು ಕಂಡವರಿಗೆ ಈ ನಿಯಮದ ಬೆಲೆ ಗೊತ್ತಾಗುತ್ತದೆ. ಮಾಥಾಯಿಗೆ 2004ರಲ್ಲಿ ನೊಬೆಲ್ ಶಾಂತಿ ಪುರಸ್ಕಾರ ಬಂತು. ಕಾನೂನೂ ನಿಧಾನವಾಗಿ ಹಿಂದೆ ಬಂತು. 2002ರ ನೀರಿನ ಕಾಯಿದೆ ಹೊಳೆದಂಡೆಯ ಜನರ ಜಲ ಬಳಕೆದಾರರ ಸಂಘಗಳಿಗೆ, 2005ರ ಅರಣ್ಯ ಕಾಯಿದೆ ಕಾಡಂಚಿನ ಜನರ ಅರಣ್ಯ ಸಂಘಗಳಿಗೆ ಜಾಗ ಕೊಟ್ಟವು.

ಇಷ್ಟಾದರೂ ಹೂಳು ನಿಲ್ಲಲಿಲ್ಲ. ಚೂರುಚೂರಾದ ಹಿಡುವಳಿ, ಹೊಳೆಯ ಅಂಚಿನವರೆಗೂ ಉತ್ತ ಹೊಲ, ಮಣ್ಣುರಸ್ತೆಯ ಚರಂಡಿ. ಮಳೆಗಾಲದಲ್ಲಿ ಎನ್‌ಗೆಥುವಿಗೆ ಕೆಂಪು ನೀರು ಬಂದಾಗ ತಿಳಿ ಮಾಡಲು ರಾಸಾಯನಿಕದ ಖರ್ಚು ಏರುತ್ತಿತ್ತು. ಇತ್ತ ಬೇಸಿಗೆಯಲ್ಲಿ ತೊರೆಗಳು ಸೊರಗುತ್ತಿದ್ದವು. 2015ರಲ್ಲಿ ಅಪ್ಪರ್ ತಾನಾ–ನೈರೋಬಿ ಜಲನಿಧಿ ಶುರುವಾದದ್ದು ಒಂದು ಸರಳ ಲೆಕ್ಕದ ಮೇಲೆ. ಕೆಳಗೆ ನೀರು ಬಳಸುವವರು, ಅಂದರೆ ನೈರೋಬಿಯ ಜಲಮಂಡಳಿ, ವಿದ್ಯುತ್ ಕಂಪನಿ ಕೆನ್‌ಜೆನ್, ಬಿಯರ್ ಮತ್ತು ಪಾನೀಯದ ಕಾರ್ಖಾನೆಗಳು, ಮೇಲಿನ ರೈತನ ಬದುವಿಗೆ ದುಡ್ಡು ಹಾಕಲಿ. ಒಂದು ಕೋಟಿ ಡಾಲರ್ ಹೂಡಿದರೆ 30 ವರ್ಷದಲ್ಲಿ 2.15 ಕೋಟಿ ಡಾಲರಿನ ಲಾಭ ಎಂದು ಆರಂಭದ ಅಧ್ಯಯನ ಅಂದಾಜು ಮಾಡಿತ್ತು. ಈಕ್ವೆಡಾರಿನ ಕೀಟೊ ನಗರ 2000ದಲ್ಲಿ ಇಂಥದ್ದನ್ನು ಶುರುಮಾಡಿತ್ತು. ಆಫ್ರಿಕದಲ್ಲಿ ಇದೇ ಮೊದಲು.

ಹೊಲದಲ್ಲಿ ಕಾಣುವ ಕೆಲಸ ಹಳೆಯದೇ. ಮೆಟ್ಟಿಲು ಹೊಲ, ಬದು, ಹೊಳೆಯಂಚಿನಲ್ಲಿ ಉಳದೆ ಬಿಟ್ಟ ಪಟ್ಟಿ. ಬದಲಾದದ್ದು ಬದುವಿನ ಮೇಲಿನ ಬೆಳೆ. ಅಲ್ಲಿ ಈಗ ನೇಪಿಯರ್ ಹುಲ್ಲು ನಿಂತಿದೆ, ಅದರ ಬೇರು ಮಣ್ಣು ಹಿಡಿಯುತ್ತದೆ, ಗರಿ ಹಸುವಿನ ಬಾಯಿಗೆ ಹೋಗಿ ಹಾಲಿನ ದುಡ್ಡಾಗುತ್ತದೆ. ನೆರಳಿಗೆ, ನೆಲದ ಹಿಡಿತಕ್ಕೆ ಬೆಣ್ಣೆಹಣ್ಣು ಮತ್ತು ಮಕಡೇಮಿಯಾ ಮರ, ಫಸಲು ಪೇಟೆಗೆ. ಸೂರಿನ ನೀರು, ದಾರಿಯ ನೀರು ಹಿಡಿಯಲು ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡ, ನಮ್ಮ ಕೃಷಿಭಾಗ್ಯ ಯೋಜನೆಯ ಕೃಷಿ ಹೊಂಡದಂಥದೇ. ಗುಂಡಿ ರೈತ ತೋಡುತ್ತಾನೆ, ಹಾಳೆಗೆ ನಿಧಿ ನೆರವು ಕೊಡುತ್ತದೆ. ಬೇಸಿಗೆಯಲ್ಲಿ ತರಕಾರಿಗೆ ಹೊಂಡದ ನೀರೇ ಸಾಕಾದರೆ ತೊರೆಗೆ ಪಂಪು ಇಡುವುದು ತಪ್ಪುತ್ತದೆ, ಆ ನೀರು ನೈರೋಬಿಗೆ ಇಳಿಯುತ್ತದೆ. 1948ರಲ್ಲಿ ಬದು ಹಾಕಲು ಒಲ್ಲೆನೆಂದವಳ ಮೊಮ್ಮಗಳು ಇಂದು ತಾನಾಗಿ ಬದು ಹಾಕುತ್ತಿದ್ದರೆ, ಬದು ಯಾರ ಮಾತಿನಂತೆ ಎಂಬ ಅಜ್ಜಿಯ ಪ್ರಶ್ನೆಗೆ ಕೊನೆಗೂ ಉತ್ತರ ಸಿಕ್ಕಿದೆ ಎಂದೇ ಅರ್ಥ.

ಈಗ ಸೌತ್ ಬಿಯ ಸ್ವಂತ ಹೊಳೆಗೆ ಮರಳಬೇಕು. ಎನ್‌ಗಾಂಗ್ ಕಾಡಿನ ಕಡೆಯಿಂದ ಮೋಟೋಯಿನೆ ಎಂಬ ಹೆಸರಿನಲ್ಲಿ ಬರುವ ತೊರೆಗೆ 1953ರಲ್ಲಿ, ಎಲಿಜಬೆತ್ ರಾಣಿಯ ಪಟ್ಟಾಭಿಷೇಕ ನಡೆದ ವರ್ಷ, ಒಂದು ಅಣೆಕಟ್ಟು ಕಟ್ಟಿ ಅದಕ್ಕೆ ನೈರೋಬಿ ಡ್ಯಾಮ್ ಎಂದು ಹೆಸರಿಟ್ಟರು. ಕಷ್ಟಕಾಲಕ್ಕೆ ಕುಡಿಯುವ ನೀರಿಗೆಂದು. ಹಾಯಿದೋಣಿಯ ಕ್ಲಬ್ಬು ಅಲ್ಲಿತ್ತು, ಮೀನು ಹಿಡಿಯುವವರಿದ್ದರು. ಅದರ ದಡದ ಕಿಬೇರಾ ನೂಬಿಯನ್ ಸಿಪಾಯಿಗಳ ನೆಲೆಯಾಗಿ ಶುರುವಾಗಿ ಲಕ್ಷಾಂತರ ಜನರ ಕೊಳೆಗೇರಿಯಾಯಿತು. ಆಡಳಿತ ಅದನ್ನು ಅಕ್ರಮ ಎಂದು ಕರೆಯುತ್ತ ದಶಕಗಟ್ಟಲೆ ಒಳಚರಂಡಿಯನ್ನೂ ಕೊಡಲಿಲ್ಲ, ಕಸದ ಗಾಡಿಯನ್ನೂ ಕಳಿಸಲಿಲ್ಲ. ಕೊಟ್ಟಿದ್ದರೆ ಜನ ಹೊಳೆಗೆ ಸುರಿಯುತ್ತಿದ್ದರೇ? 1990ರ ದಶಕದ ಕೊನೆಗೆ ಕೆರೆಯನ್ನು ಅಂತರಗಂಗೆ ಮುಚ್ಚಿತು, ಕೆಳಗೆ ಹೂಳು ತುಂಬಿತು. ಈಗ ಅದರ ದೊಡ್ಡ ಭಾಗ ನೆಲವೇ ಆಗಿದೆ. ಅಲ್ಲಿಂದ ಇಳಿಯುವ ಎನ್‌ಗಾಂಗ್ ಹೊಳೆ ಸೌತ್ ಬಿ, ಮುಕುರು, ಇಂಡಸ್ಟ್ರಿಯಲ್ ಏರಿಯಾ ದಾಟುವಷ್ಟರಲ್ಲಿ ಕಾರ್ಖಾನೆಯ ಕಲ್ಮಷವನ್ನೂ ಹೊತ್ತಿರುತ್ತದೆ. ಬೆಂಗಳೂರಿನ ವೃಷಭಾವತಿಯ ದಡದಲ್ಲಿ ಮೂಗು ಮುಚ್ಚಿಕೊಂಡು ನಿಂತವರಿಗೆ ವಿವರಣೆ ಬೇಡ.

ಎರಡು ಅಣೆಕಟ್ಟುಗಳೂ ಒಂದೇ ನಗರದವು. ಎನ್‌ಡಕಾಯಿನಿಯ ಮೇಲ್ಗಡೆಯ ಜನರನ್ನು ನಗರ ಪಾಲುದಾರರೆಂದು ಒಪ್ಪಿಕೊಂಡಿತು. ನೈರೋಬಿ ಡ್ಯಾಮಿನ ಮೇಲ್ಗಡೆಯವರನ್ನು ಅತಿಕ್ರಮಣಕಾರರೆಂದೇ ಕಂಡಿತು.

ಕಸದ ವಿಷಯದಲ್ಲಿ ಕೀನ್ಯಾ ಸರ್ಕಾರ ಒಮ್ಮೆ ಗಟ್ಟಿ ಹೆಜ್ಜೆ ಇಟ್ಟಿದೆ. 2017ರ ಆಗಸ್ಟ್ 28ರಿಂದ ಪ್ಲಾಸ್ಟಿಕ್ ಚೀಲ ತಯಾರಿ, ಮಾರಾಟ, ಬಳಕೆ ಮೂರೂ ನಿಷೇಧ. ತಪ್ಪಿದರೆ 40 ಲಕ್ಷ ಶಿಲಿಂಗ್‌ವರೆಗೆ ದಂಡ ಅಥವಾ ನಾಲ್ಕು ವರ್ಷದವರೆಗೆ ಸೆರೆ. ಚೀಲಗಳು ಕಡಿಮೆಯಾದವು, ಬಾಟಲಿಗಳು ಉಳಿದವು. ನಗರದ ಕಸ 1975ರಿಂದ ಹೋಗುತ್ತಿರುವುದು ದಂಡೋರಾ ಎಂಬ ಗುಡ್ಡಕ್ಕೆ. 2001ರಲ್ಲೇ ತುಂಬಿತೆಂದು ಘೋಷಿಸಿದ ಮೇಲೂ ಲಾರಿಗಳು ನಿಂತಿಲ್ಲ. ಕಸದಿಂದ ಕಬ್ಬಿಣ, ಪ್ಲಾಸ್ಟಿಕ್ ಹೆಕ್ಕುವ ಕೆಲಸವನ್ನು ಮಾಡುತ್ತಿರುವವರು ಬಿಸಿಲಲ್ಲೇ ದುಡಿಯುವ ಜೂವಾ ಕಾಲಿ ಕುಶಲಕರ್ಮಿಗಳು ಮತ್ತು ಗುಜರಿಯವರು. ಹಳೆಯ ಡ್ರಮ್ಮು ಅವರ ಕೈಯಲ್ಲಿ ಒಲೆಯಾಗುತ್ತದೆ, ಪೆಟ್ಟಿಗೆಯಾಗುತ್ತದೆ. ನ್ಝಾಂಬಿ ಮಾಟೆ ಎಂಬ ತರುಣಿ ಎಂಜಿನಿಯರ್ ಕಟ್ಟಿದ ಗ್ಜೆಂಗೆ ಮೇಕರ್ಸ್, ಬಿಸಾಡಿದ ಪ್ಲಾಸ್ಟಿಕ್ಕನ್ನು ಮರಳಿನೊಡನೆ ಬಿಸಿಮಾಡಿ ಅಚ್ಚಿನಲ್ಲಿ ಒತ್ತಿ ನೆಲಹಾಸಿನ ಇಟ್ಟಿಗೆ ಮಾಡುತ್ತದೆ.

ಮುಕುರುವಿನಲ್ಲಿ ಆದ ಇನ್ನೊಂದು ಪ್ರಯೋಗ ಹೆಚ್ಚು ದೂರ ಹೋಗಿದೆ. 2011ರಲ್ಲಿ ಸ್ಯಾನರ್ಜಿ ಎಂಬ ಸಂಸ್ಥೆ ಇಲ್ಲಿ ಫ್ರೆಶ್ ಲೈಫ್ ಎಂಬ ನೀಲಿ ಶೌಚಾಲಯಗಳನ್ನು ಇಡತೊಡಗಿತು. ಚರಂಡಿ ಬೇಡ, ಹರಿಯುವ ನೀರೂ ಬೇಡ. ಮಲ ಮತ್ತು ಮೂತ್ರ ಬೇರೆಬೇರೆ ಡಬ್ಬಿಗೆ ಬೀಳುತ್ತವೆ, ತುಂಬಿದ್ದನ್ನು ಒಯ್ದು ಖಾಲಿಯದನ್ನು ಇಡುತ್ತಾರೆ. ಓಣಿಯಲ್ಲಿ ಲಾರಿ ನುಗ್ಗದ ಕಡೆ ಕೈಗಾಡಿ. ಶೌಚಾಲಯ ನಡೆಸುವವರು ಅಲ್ಲಿಯ ನಿವಾಸಿಗಳೇ. ಡಬ್ಬಿಗಳು ಸೇರುವುದು ಮಚಕೋಸ್ ಸೀಮೆಯ ಕಿನಾನಿಯೆಯ ಘಟಕಕ್ಕೆ. ಅಲ್ಲಿ ಕಪ್ಪು ಸೈನಿಕ ನೊಣದ ಹುಳುಗಳು ಮಲವನ್ನೂ ಪೇಟೆಯ ಹಸಿಕಸವನ್ನೂ ತಿಂದು ಬಲಿಯುತ್ತವೆ. ಹುಳು ಕೋಳಿ, ಹಂದಿ, ಮೀನಿನ ಮೇವಾಗುತ್ತದೆ, ಉಳಿದದ್ದು ಕಳಿತು ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ. ಬೆಟ್ಟದಿಂದ ನಗರಕ್ಕೆ ಇಳಿದ ಸತ್ವದಲ್ಲಿ ಒಂದು ಪಾಲಾದರೂ ಹೀಗೆ ಮಣ್ಣಿಗೆ ಮರಳುತ್ತದೆ. ನಮ್ಮಲ್ಲಿ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಎಷ್ಟು ಸಂಸ್ಕರಿಸಿದರೆ ಸಾಕು ಎಂದು ಅಲ್ಲಿಯ ರೈತರು ಎತ್ತಿದ ಪ್ರಶ್ನೆ ನ್ಯಾಯವಾದದ್ದು. ಊರಿನ ಕೊಳೆಯನ್ನು ಹಳ್ಳಿಗೆ ಕಳಿಸುವ ಮೊದಲು ಅದು ಗೊಬ್ಬರವೋ ವಿಷವೋ ಎಂದು ಗೊತ್ತಾಗಬೇಕು.

ಕೋಲಾರಕ್ಕೂ ಮುಕುರುವಿಗೂ ಬೇರೊಂದು ನಂಟಿದೆ. ಕೋಲಾರದ ಚಿನ್ನದ ಗಣಿಯೂರಿನಲ್ಲಿ ಹುಟ್ಟಿ ಮುಂಬಯಿಯ ಕೊಳೆಗೇರಿಯಲ್ಲಿ ಬದುಕಿದ ಜಾಕಿನ್ ಅರ್ಪುದಂ, ಕೊಳೆಗೇರಿಯ ಜನ ತಮ್ಮ ಮನೆಗಳನ್ನು ತಾವೇ ಎಣಿಸಿ, ತಾವೇ ನಕ್ಷೆ ಬರೆದು ಸರ್ಕಾರದ ಮುಂದಿಡುವ ದಾರಿಯನ್ನು ಬೆಳೆಸಿದವರು. 2000ದ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಅವರು ಕೊಳೆಗೇರಿ ನಿವಾಸಿಗಳ ಅಂತರರಾಷ್ಟ್ರೀಯ ಒಕ್ಕೂಟದ ಅಧ್ಯಕ್ಷರಾಗಿದ್ದರು, 2018ರಲ್ಲಿ ತೀರಿಕೊಂಡರು. ಆ ಒಕ್ಕೂಟದ ಕೀನ್ಯಾ ಅಂಗ ಮುವುಂಗಾನೊ ವಾ ವನವಿಜಿಜಿ. ಅದರ ಸದಸ್ಯರು ಮುಕುರುವಿನಲ್ಲೂ ಮನೆಮನೆ ಎಣಿಸಿದರು, ನೀರಿಗೆ, ಶೌಚಕ್ಕೆ ಜನ ಎಷ್ಟು ತೆರುತ್ತಾರೆಂದು ಬರೆದಿಟ್ಟರು. 2017ರ ಆಗಸ್ಟಿನಲ್ಲಿ ನೈರೋಬಿ ಕೌಂಟಿ ಮುಕುರುವನ್ನು ವಿಶೇಷ ಯೋಜನಾ ಪ್ರದೇಶವೆಂದು ಘೋಷಿಸಿತು. ಒಂದು ಲಕ್ಷ ಕುಟುಂಬಗಳ ಆ ಯೋಜನೆಯ ಸಭೆಗಳಲ್ಲಿ ನಿವಾಸಿಗಳೇ ಕೂತರು. ರಸ್ತೆ, ನೀರಿನ ಕೊಳವೆ, ಕಿರಿದಾದ ಓಣಿಗೆ ಒಗ್ಗುವ ಸಣ್ಣ ಒಳಚರಂಡಿ ಬರತೊಡಗಿದವು.

ಕೆಲಸ ಇನ್ನೂ ಎಷ್ಟು ಬಾಕಿಯಿದೆ ಎಂಬುದನ್ನು 2024ರ ಏಪ್ರಿಲ್ ಕೊನೆಯ ಮಳೆ ತೋರಿಸಿತು. ನೈರೋಬಿಯ ಹೊಳೆಗಳು ಉಕ್ಕಿ ಮಥಾರೆ, ಮುಕುರು ಕೊಳೆಗೇರಿಗಳ ಮನೆಗಳಿಗೆ ನುಗ್ಗಿದವು. ಸರ್ಕಾರ ಹೊಳೆಯಿಂದ 30 ಮೀಟರಿನೊಳಗಿನ ಮನೆಗಳನ್ನು ಯಂತ್ರ ತಂದು ಕೆಡವಿತು. ಹೊಳೆದಂಡೆ ಬಿಡಿಸಬೇಕೆಂಬುದು ಸರಿಯೇ. ಆದರೆ ಮಳೆಯ ನಡುವೆ, ಹೋಗಲು ಜಾಗ ತೋರಿಸದೆ ಬಿಡಿಸಿದ್ದು 1950ರ ದಶಕದ ಹುಕುಮಿನ ದಾರಿ.

ಬೆಟ್ಟದಲ್ಲೂ ವ್ಯಾಜ್ಯ ಮುಗಿದಿಲ್ಲ. ಮರಾಗುವಾ, ಗಿಕಿಗಿಯೆ, ಇರಾಟಿ ಹೊಳೆಗಳ ಪ್ರವಾಹದ ನೀರನ್ನು ಎನ್‌ಡಕಾಯಿನಿಯ ಕಡೆ ಒಯ್ಯಲು ಮುರಂಗಾದ ಕೆಳಗೆ 11.8 ಕಿಲೋಮೀಟರ್ ಉದ್ದದ ಸುರಂಗ ಕೊರೆದಿದ್ದಾರೆ, ದಿನಕ್ಕೆ 14 ಕೋಟಿ ಲೀಟರ್ ಸಾಗಿಸಲು. ನಮ್ಮ ಹೊಳೆ ಬತ್ತೀತು ಎಂಬ ಮುರಂಗಾದವರ ಆತಂಕ ಕೊರೆಯುವ ಮೊದಲೇ ಎದ್ದಿತ್ತು. 2017ರ ಬರದಲ್ಲಿ ಎನ್‌ಡಕಾಯಿನಿಯ ನೀರು ತಗ್ಗಿ ನೈರೋಬಿಗೆ ನೀರಿನ ಸರದಿ ಬಂದಾಗ ನಗರದವರು ಸುರಂಗ ಬೇಗ ಮುಗಿಯಲಿ ಎಂದರು. ಮುರಂಗಾದವರು ಕೇಳುತ್ತ ಬಂದದ್ದು ಬೇರೆ: ನಮ್ಮ ಹೊಲದ ಕೆಳಗೆ ಹಾದುಹೋಗುವ ನೀರು ನಮ್ಮ ಮನೆಯ ನಲ್ಲಿಗೂ ಬರಲಿ, ನಗರ ತೆರುವ ನೀರಿನ ಬಿಲ್ಲಿನಲ್ಲಿ ಕೌಂಟಿಗೂ ಒಂದು ಪಾಲಿರಲಿ.